ಒಂದು ಹೆಸರು, ಹಲವು ಉತ್ತರ

ನಮ್ಮ ಶಾಲೆಯ ಪ್ರವೇಶಪತ್ರವನ್ನು ಜಾಲಪುಟದಲ್ಲಿ ರಚಿಸುತ್ತಿರುವೆವೆಂದು ಭಾವಿಸೋಣ. ‘ಬಲ್ಲ ಭಾಷೆಗಳು’ ಎಂಬ ಪ್ರಶ್ನೆಯ ಕೆಳಗೆ ಮರಾಠಿ, ಹಿಂದಿ, ಕನ್ನಡ ಎಂಬ ಮೂರು ಚೌಕಗಳಿವೆ. ಮೂರಕ್ಕೂ ‘ಭಾಷೆ’ ಎಂಬುದೊಂದೇ ಹೆಸರು, ಬೆಲೆ ಮಾತ್ರ ಬೇರೆ ಬೇರೆ. ವಿದ್ಯಾರ್ಥಿಯು ಮೂರನ್ನೂ ಗುರುತಿಸಿದನು. ಜಾವಾಸ್ಕ್ರಿಪ್ಟಿನ ‘ಫಾರ್ಮ್‌ಡೇಟಾ’ ಎಂಬ ವಸ್ತುವು ಗುರುತಿಸಿದ ಬೆಲೆಗಳನ್ನೆಲ್ಲ ಪುಟದಲ್ಲಿರುವ ಕ್ರಮದಲ್ಲಿಯೇ ಸಂಗ್ರಹಿಸುತ್ತದೆ. ಆದರೆ ‘ಗೆಟ್’ ಎಂದು ಕೇಳಿದರೆ ಮೊದಲನೆಯದಾದ ಮರಾಠಿಯೊಂದೇ ದೊರೆಯುವುದು, ದೋಷಸೂಚನೆಯೂ ಬಾರದು. ಕನ್ನಡವು ಸದ್ದಿಲ್ಲದೆ ಬಿಟ್ಟುಹೋಗುವುದು! ‘ಗೆಟ್‌ಆಲ್’ ಎಂದು ಕೇಳಿದರೆ ಮೂರೂ ಒಂದು ಪಟ್ಟಿಯಾಗಿ ಬರುವುವು. ಒಂದನ್ನೂ ಗುರುತಿಸದಿದ್ದಲ್ಲಿ ಬರಿಯ ಪಟ್ಟಿ ಬರುವುದು. ಆದುದರಿಂದ ಹಲವು ಉತ್ತರಗಳಿರುವಲ್ಲಿ ಎಲ್ಲವನ್ನೂ ಕೇಳಲು ನಾವು ಮರೆಯಬಾರದು.