ಒಂದು ದ್ವೀಪ, ಒಂದೇ ಅಂಗಡಿ: ಮಾಲ್ಡೀವ್ಸ್ ವಿಲ್ಲಾಕ್ಕೆ ಹೊರಟವರಿಗೆ ತಾಕೀತು

ಮಾಲ್ಡೀವ್ಸ್‌ನಲ್ಲಿ ಮೊದಲ ರೆಸಾರ್ಟ್ ತೆರೆದದ್ದು 1972ರಲ್ಲಿ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿ ಬೇರೂರಿದ ಪದ್ಧತಿ. ಸಾವಿರದ ಇನ್ನೂರರ ಸಮೀಪ ಹವಳದ ದ್ವೀಪಗಳಿವೆ. ಊರು, ಮನೆ, ಮಸೀದಿ, ಶಾಲೆ ಇರುವಂಥವು ಇನ್ನೂರರ ಆಸುಪಾಸು. ನೀವು ದುಡ್ಡು ಸುರಿದು ಹೋಗುವುದು ಉಳಿದವುಗಳಲ್ಲೊಂದಕ್ಕೆ. ಅಲ್ಲಿ ಬೀದಿಯಿಲ್ಲ, ದರ್ಶಿನಿಯಿಲ್ಲ, ಮೆಡಿಕಲ್ ಸ್ಟೋರ್ ಇಲ್ಲ, ಚೌಕಾಸಿ ಮಾಡೋಣವೆಂದರೆ ಎದುರಂಗಡಿಯಿಲ್ಲ. ಆದ್ದರಿಂದ ಈ ತಾಕೀತಿನ ಹೆಚ್ಚಿನ ಮಾತುಗಳು ಮನೆ ಬಿಡುವ ಮೊದಲೇ ಮುಗಿಸಿಕೊಳ್ಳಬೇಕಾದವು.

ದುಡ್ಡು ಕಟ್ಟುವ ಮೊದಲು

ವಿಲ್ಲಾದ ಬಾಡಿಗೆಯೊಂದನ್ನೇ ನೋಡಿ ಬುಕ್ ಮಾಡಬೇಡಿ. ರಾಜಧಾನಿ ಮಾಲೆಯಿಂದ ದ್ವೀಪಕ್ಕೆ ಹೋಗುವುದು ಹೇಗೆ, ಎಷ್ಟಕ್ಕೆ ಎಂದು ಮೊದಲು ಕೇಳಿ. ಹತ್ತಿರದ್ದಾದರೆ ಸ್ಪೀಡ್‌ಬೋಟು. ದೂರದ ಹವಳದ್ವೀಪಗಳ ಗುಂಪುಗಳಾದ ಅಟಾಲ್‌ಗಳಿಗೆ ಸೀಪ್ಲೇನ್, ಇಲ್ಲವೇ ದೇಶದೊಳಗಿನ ಸಣ್ಣ ವಿಮಾನ, ಅದರ ಮೇಲೆ ಬೋಟು. ಸೀಪ್ಲೇನಿನಲ್ಲಿ ಹೋಗಿ ಬರಲು ತಲೆಗೆ ನೂರಾರು ಡಾಲರ್ ಬೀಳುತ್ತದೆ. ಅದು ಬಾಡಿಗೆಯೊಳಗೇ ಸೇರಿದೆ ಎಂದು ಬರಹದಲ್ಲಿ ಕಾಣದಿದ್ದರೆ ಸೇರಿಲ್ಲವೆಂದೇ ತಿಳಿಯಿರಿ.

ಸಂಜೆ ಮಾಲೆ ಮುಟ್ಟುವ ವಿಮಾನ ಅಗ್ಗವೆಂದು ಟಿಕೆಟ್ ತೆಗೆಯಬೇಡಿ. ಸೀಪ್ಲೇನ್ ಹಗಲಲ್ಲಿ ಮಾತ್ರ ಹಾರುತ್ತದೆ. ಪೈಲಟ್ ನೀರನ್ನು ಕಣ್ಣಾರೆ ನೋಡಿಯೇ ಇಳಿಸಬೇಕು. ಲಗೂನಿನಲ್ಲಿ ರನ್‌ವೇ ದೀಪಗಳಿರುವುದಿಲ್ಲ. ಮಧ್ಯಾಹ್ನ ಮೂರೂವರೆಯ ಆಸುಪಾಸು ದಾಟಿ ಮಾಲೆಯ ವೆಲಾನಾ ವಿಮಾನ ನಿಲ್ದಾಣದಲ್ಲಿ ಇಳಿದರೆ ಆ ರಾತ್ರಿ ಮಾಲೆ ಅಥವಾ ಪಕ್ಕದ ಹುಲುಮಾಲೆಯ ಹೋಟೆಲೇ ಗತಿ. ವಿಲ್ಲಾದ ಮೊದಲ ರಾತ್ರಿಯ ಬಾಡಿಗೆ ಮಾತ್ರ ನಿಮ್ಮ ಲೆಕ್ಕಕ್ಕೇ ಬಿದ್ದಿರುತ್ತದೆ. ಬೆಳಿಗ್ಗೆ ಇಳಿಯುವ ವಿಮಾನಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ಲಾಭವೇ.

ದರದ ಮುಂದೆ ಎರಡು ಪ್ಲಸ್ ಗುರುತು ಕಂಡರೆ ಕ್ಯಾಲ್ಕುಲೇಟರ್ ತೆಗೆಯಿರಿ. ಮೊದಲು ಶೇಕಡಾ 10 ಸರ್ವಿಸ್ ಚಾರ್ಜ್, ಆಮೇಲೆ ಒಟ್ಟು ಮೊತ್ತದ ಮೇಲೆ ಪ್ರವಾಸಿ ಜಿಎಸ್‌ಟಿ. ಈ ಜಿಎಸ್‌ಟಿ 2025ರ ಜುಲೈನಿಂದ ಶೇಕಡಾ 17 ಆಗಿದೆ. ಮೆನುವಿನಲ್ಲಿ 100 ಡಾಲರ್ ಎಂದಿದ್ದದ್ದು ಬಿಲ್ಲಿನಲ್ಲಿ 128 ಡಾಲರ್ 70 ಸೆಂಟ್ ಆಗುತ್ತದೆ. ಇದಲ್ಲದೆ ರೆಸಾರ್ಟಿನಲ್ಲಿ ತಲೆಗೆ ದಿನಕ್ಕೆ 12 ಡಾಲರ್ ಗ್ರೀನ್ ಟ್ಯಾಕ್ಸ್. ಇಬ್ಬರು ನಾಲ್ಕು ರಾತ್ರಿ ಉಳಿದರೆ ಅದೊಂದೇ 96 ಡಾಲರ್.

ಬೆಳಗಿನ ತಿಂಡಿ ಮಾತ್ರ ಸೇರಿದ ಅಗ್ಗದ ದರಕ್ಕೆ ಮರುಳಾಗಕೂಡದು. ಮಧ್ಯಾಹ್ನ ಹಸಿವಾದಾಗ ಎದ್ದು ಬೇರೆಲ್ಲಿಗೂ ಹೋಗಲಾರಿರಿ. ಮೂರು ಹೊತ್ತಿನ ಊಟ ಸೇರಿದ ದರವನ್ನು ಪಕ್ಕದಲ್ಲಿಟ್ಟು ಕೂಡಿ ನೋಡಿ. ಆಲ್ ಇನ್‌ಕ್ಲೂಸಿವ್ ಎಂದು ಬರೆದಿದ್ದರೂ ಯಾವ ರೆಸ್ಟೊರೆಂಟ್, ಯಾವ ಪಾನೀಯ, ಮಿನಿಬಾರ್ ಸೇರಿದೆಯೋ ಇಲ್ಲವೋ ಎಂದು ಇಮೇಲ್‌ನಲ್ಲಿ ಕೇಳಿ, ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಕುಡಿಯದವರು ಆ ಪ್ಯಾಕೇಜ್ ಕೊಳ್ಳುವುದು ಬೇರೆಯವರ ಗ್ಲಾಸಿಗೆ ದುಡ್ಡು ಕಟ್ಟಿದ ಹಾಗೆ.

ಇನ್ನೊಂದು ಪ್ರಶ್ನೆಯಿದೆ, ನಮ್ಮವರು ಅದನ್ನು ಕೇಳುವುದೇ ಕಡಿಮೆ: ದ್ವೀಪದ ದಡಕ್ಕೆ ಹವಳದ ದಂಡೆ ಅಂಟಿಕೊಂಡಿದೆಯೇ, ಈಜಿ ಹೋಗುವಷ್ಟು ಹತ್ತಿರವೇ? ಎಷ್ಟೋ ದ್ವೀಪಗಳ ಸುತ್ತ ಫೋಟೊಗೆ ಒಪ್ಪುವ ತಿಳಿನೀಲಿ ನೀರಿರುತ್ತದೆ, ಕೆಳಗೆ ಬರೀ ಮರಳು. ಮೀನು ನೋಡಬೇಕೆಂದರೆ ಪ್ರತಿಸಲವೂ ಬೋಟಿಗೆ ಬೇರೆ ದುಡ್ಡು. ನನ್ನನ್ನು ಕೇಳಿದರೆ ಖಾಸಗಿ ಈಜುಕೊಳ ಬಿಟ್ಟಾದರೂ ಹವಳವಿರುವ ದ್ವೀಪ ಹಿಡಿಯಿರಿ. ಕೊಳ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೂ ಇದೆ.

ನಡೆದಾಡಲು ಕಲಿಯುತ್ತಿರುವ ಮಗು ಜೊತೆಗಿದ್ದರೆ ನೀರಿನ ಮೇಲಿನ ವಿಲ್ಲಾ ಬೇಡವೇ ಬೇಡ. ಅದರ ಜಗುಲಿಗೆ ಎಷ್ಟೋ ಕಡೆ ಕಟಕಟೆಯೇ ಇರುವುದಿಲ್ಲ; ಮೆಟ್ಟಿಲು ನೇರ ಸಮುದ್ರಕ್ಕೆ ಇಳಿಯುತ್ತದೆ. ದಡದ ವಿಲ್ಲಾ ತೆಗೆದುಕೊಳ್ಳಿ, ನೀವೂ ನಿದ್ದೆ ಮಾಡುತ್ತೀರಿ.

ಪೆಟ್ಟಿಗೆಗೆ ಹಾಕಬಾರದ್ದು

ಮದ್ಯ ಒಯ್ಯಕೂಡದು. ಬೆಂಗಳೂರಿನ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿ ಮಾಲೆಯ ಕಸ್ಟಮ್ಸ್‌ನಲ್ಲೇ ಉಳಿಯುತ್ತದೆ. ರೆಸಾರ್ಟಿನ ಬಾರಿನಲ್ಲಿ ಸಿಗುತ್ತದಲ್ಲ ಎಂದು ಅಧಿಕಾರಿಯ ಹತ್ತಿರ ವಾದಿಸಬೇಡಿ; ಅದು ಬೇರೆ ಪರವಾನಗಿ. ಹಂದಿಮಾಂಸದ ಪದಾರ್ಥ, ಅಶ್ಲೀಲ ಪುಸ್ತಕ, ವಿಡಿಯೊ ಕೂಡದು. ಇ-ಸಿಗರೇಟ್ ತರುವುದನ್ನು 2024ರ ನವೆಂಬರ್‌ನಿಂದ ನಿಷೇಧಿಸಿದ್ದಾರೆ, ಪ್ರವಾಸಿಗೆ ವಿನಾಯಿತಿಯಿಲ್ಲ.

ಪೂಜೆಯ ವಿಗ್ರಹವೂ ನಿಷೇಧದ ಪಟ್ಟಿಯಲ್ಲಿದೆ. ಅಂಗೈಯಗಲದ ಬೆಳ್ಳಿ ಗಣಪನನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗಿಡುವ ಅಭ್ಯಾಸ ನಮ್ಮ ಎಷ್ಟೋ ಮನೆಗಳಲ್ಲಿದೆ. ಈ ಪ್ರಯಾಣಕ್ಕೆ ಗಣಪ ಮನೆಯ ದೇವರ ಗೂಡಿನಲ್ಲೇ ಇರಲಿ. ಹೊರಡುವಾಗ ಕೈಮುಗಿದು ಹೊರಡಿ, ಸಾಕು.

ಸೀಪ್ಲೇನಿನಲ್ಲಿ ಸಾಮಾನ್ಯವಾಗಿ 20 ಕಿಲೊ ಪೆಟ್ಟಿಗೆ, 5 ಕಿಲೊ ಕೈಚೀಲ. ಹೆಚ್ಚಿದ ಪ್ರತಿ ಕಿಲೊಗೂ ದುಡ್ಡು. ಮೂರು ದಿನಕ್ಕೆ ಹನ್ನೊಂದು ಜೊತೆ ಬಟ್ಟೆ ಹೇರಬೇಡಿ. ಅಲ್ಲಿ ಪೈಲಟ್ಟೇ ಬರಿಗಾಲಲ್ಲಿ ವಿಮಾನ ಓಡಿಸುತ್ತಾನೆ, ನಿಮ್ಮ ಹೈಹೀಲ್ಡ್ ಚಪ್ಪಲಿ ಮರಳಲ್ಲಿ ಹೂತುಹೋಗುತ್ತದೆ.

ಒಯ್ಯಲೇಬೇಕಾದ್ದು: ದಿನದ ಮಾತ್ರೆಗಳು ನಾಲ್ಕು ದಿನಕ್ಕಾಗುವಷ್ಟು ಹೆಚ್ಚೇ ಇರಲಿ, ವೈದ್ಯರ ಚೀಟಿಯ ಸಮೇತ. ಸಮುದ್ರದ ಅವಘಡಕ್ಕೂ ಅನ್ವಯವಾಗುವ ಪ್ರಯಾಣ ವಿಮೆ. ಬ್ರಿಟಿಷ್ ಮಾದರಿಯ ಚಪ್ಪಟೆ ಮೂರು ಪಿನ್ನಿನ ಅಡಾಪ್ಟರ್. ಚಟ್ನಿಪುಡಿ ಡಬ್ಬಿ ಒಯ್ಯಿರಿ, ನಗುವವರು ನಗಲಿ. ಕುಕ್ಕರ್ ಒಯ್ಯಬೇಡಿ: ವಿಲ್ಲಾದ ಸೂರು ಹುಲ್ಲಿನದು, ಅಗ್ನಿಶಾಮಕ ದಳ ಪಕ್ಕದ ರಸ್ತೆಯಿಂದ ಬರುವುದಿಲ್ಲ.

ಭಾರತೀಯರಿಗೆ ಪ್ರವಾಸಕ್ಕೆ ಮೊದಲೇ ವೀಸಾ ಬೇಡ. ಆದರೆ ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಎಂಬ ಸರ್ಕಾರಿ ಅರ್ಜಿಯನ್ನು ಆನ್‌ಲೈನಿನಲ್ಲಿ ತುಂಬಲೇಬೇಕು, ವಾಪಸಾಗುವಾಗ ಇನ್ನೊಮ್ಮೆ. ಅದು ಉಚಿತ. ದುಡ್ಡು ಕೇಳಿದರೆ ನೀವು ಯಾರದೋ ನಕಲಿ ಪುಟಕ್ಕೆ ಬಂದಿದ್ದೀರಿ.

ದ್ವೀಪದಲ್ಲಿ

ಕಾಲಿಟ್ಟ ಕೂಡಲೇ ಗಡಿಯಾರ ವಿಚಾರಿಸಿ. ಮಾಲೆಯ ಸಮಯ ನಮಗಿಂತ ಅರ್ಧ ಗಂಟೆ ಹಿಂದೆ. ಹಲವು ರೆಸಾರ್ಟುಗಳು ಸಂಜೆಯ ಬೆಳಕು ಹೆಚ್ಚು ಹೊತ್ತು ಸಿಗಲೆಂದು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ. ಫೋನು ಮಾಲೆಯದ್ದು ತೋರಿಸುತ್ತದೆ, ಸ್ಪಾದವರು ದ್ವೀಪದ್ದು ಹೇಳುತ್ತಾರೆ, ಊರಿಂದ ಅಮ್ಮ ಬೆಂಗಳೂರಿನ ಹೊತ್ತಿಗೆ ಫೋನ್ ಮಾಡುತ್ತಾರೆ. ಬೋಟು, ಊಟ, ಡೈವಿಂಗ್ ಯಾವುದೇ ಇರಲಿ, ಯಾವ ಸಮಯವೆಂದು ಕೇಳದೆ ಹೊರಡಬೇಡಿ.

ಸಸ್ಯಾಹಾರಿಗಳು ವೆಜ್ ಎಂದಷ್ಟೇ ಹೇಳಿ ಸುಮ್ಮನಾಗಬಾರದು. ಮಾಲ್ಡೀವ್ಸ್ ಅಡುಗೆಯ ಜೀವಾಳ ಟ್ಯೂನಾ ಮೀನು ಮತ್ತು ತೆಂಗಿನಕಾಯಿ. ಬೆಳಗಿನ ಬಫೆಯಲ್ಲಿ ಬಟ್ಟಲೊಂದರಲ್ಲಿ ತೆಂಗಿನ ತುರಿ, ಈರುಳ್ಳಿ, ಹಸಿಮೆಣಸು, ನಿಂಬೆಹುಳಿ ಕಲಸಿಟ್ಟಿರುತ್ತಾರೆ, ಪಕ್ಕದಲ್ಲಿ ಚಪಾತಿಯಂಥ ರೋಶಿ. ನೋಡಿದರೆ ನಮ್ಮ ಕೋಸಂಬರಿಯ ನೆಂಟನೇ; ಅದು ಮಸ್ ಹುನಿ, ಒಳಗೆ ಪುಡಿಮಾಡಿದ ಟ್ಯೂನಾ ಇದೆ. ಮೀನು, ಒಣಮೀನು, ಮೊಟ್ಟೆ, ಮಾಂಸದ ಸಾರು ಬೇಡ ಎಂದು ಒಂದೊಂದಾಗಿ ಹೇಳಿ, ಅದೂ ಬುಕ್ ಮಾಡುವಾಗಲೇ. ತರಕಾರಿಯ ಬಹುಪಾಲು ಹೊರದೇಶದಿಂದ ಹಡಗು, ವಿಮಾನದಲ್ಲಿ ಬರಬೇಕು. ರಾತ್ರಿ ಒಂಬತ್ತಕ್ಕೆ ಬದನೆಕಾಯಿ ಹುಟ್ಟಿಸಲು ಬಾಣಸಿಗನಿಂದ ಆಗದು.

ನೀರು, ಕರೆಂಟು ಪೋಲು ಮಾಡಬೇಡಿ. ಅಲ್ಲಿ ನದಿಯಿಲ್ಲ, ನಲ್ಲಿಯಲ್ಲಿ ಬರುವುದು ಉಪ್ಪು ಬೇರ್ಪಡಿಸಿದ ಸಮುದ್ರದ ನೀರು, ಆ ಯಂತ್ರ ಓಡುವುದು ಬಹುತೇಕ ಡೀಸೆಲ್ಲಿನಿಂದ. ಜಗುಲಿಯ ಬಾಗಿಲು ತೆರೆದಿಟ್ಟು ಎಸಿ ಹಾಕಕೂಡದು.

ರೆಸಾರ್ಟಿನ ಕಡಲತೀರದಲ್ಲಿ ಈಜುಡುಗೆ ಸರಿ. ಮೇಲುಡುಪಿಲ್ಲದೆ ಹೆಂಗಸರು ಬಿಸಿಲು ಕಾಯುವುದು, ನಗ್ನರಾಗಿ ಈಜುವುದು ದೇಶವಿಡೀ ಕಾನೂನುಬಾಹಿರ, ದ್ವೀಪ ಎಷ್ಟೇ ಖಾಸಗಿಯಾಗಿರಲಿ. ಜನ ವಾಸಿಸುವ ದ್ವೀಪ ನೋಡಲು ಹೋದರೆ ಭುಜ, ಮಂಡಿ ಮುಚ್ಚಿರಲಿ. ಡ್ರೋನ್‌ಗೆ ಅನುಮತಿ ಬೇಕು. ಪಕ್ಕದ ವಿಲ್ಲಾದವರೂ ನಿಮ್ಮಂತೆಯೇ ಏಕಾಂತಕ್ಕೆ ದುಡ್ಡು ಕೊಟ್ಟವರು. ಸ್ಪೀಕರ್ ತರಬೇಡಿ. ನೀರಿನ ಮೇಲೆ ಸದ್ದು ಎಷ್ಟು ದೂರ ಹೋಗುತ್ತದೆಂದು ಮಧ್ಯರಾತ್ರಿ ಹಾಡು ಹಾಕಿದವರಿಗೆ ಗೊತ್ತಾಗುವುದಿಲ್ಲ, ಉಳಿದವರಿಗೆಲ್ಲ ಗೊತ್ತಾಗುತ್ತದೆ.

ಕೋಣೆ ನೋಡಿಕೊಳ್ಳುವವರನ್ನು ಏ, ಬಾ ಇಲ್ಲಿ ಎಂದು ಕೂಗಬೇಡಿ. ಮಾಲ್ಡೀವ್ಸ್‌ನವರಲ್ಲದೆ ಬಾಂಗ್ಲಾದೇಶ, ಶ್ರೀಲಂಕಾ, ನೇಪಾಳ, ನಮ್ಮ ದೇಶದವರೂ ಅಲ್ಲಿ ದುಡಿಯುತ್ತಾರೆ, ತಿಂಗಳುಗಟ್ಟಲೆ ಅದೇ ದ್ವೀಪದ ಹಿಂಬದಿಯಲ್ಲಿ ಇರುತ್ತಾರೆ.

ನೀರಿಗಿಳಿದಾಗ

ಹವಳದ ಮೇಲೆ ನಿಲ್ಲಕೂಡದು. ಕಲ್ಲಿನಂತೆ ಕಾಣುತ್ತದೆ, ಕಾಲಿಗೆ ಸಿಕ್ಕಾಗ ನಿಲ್ಲೋಣವೆನ್ನಿಸುತ್ತದೆ. ಅದು ಜೀವಂತ. ಗುಂಡುಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂಟಿಮೀಟರಿನ ಆಸುಪಾಸು. ನಿಮ್ಮ ಒಂದು ಫಿನ್ ಏಟಿಗೆ ಮುರಿದದ್ದು ನಿಮ್ಮ ಮಕ್ಕಳ ಮದುವೆಯ ಹೊತ್ತಿಗೂ ಕೂಡಿಕೊಂಡಿರುವುದಿಲ್ಲ. 1998ರಲ್ಲಿ, ಮತ್ತೆ 2016ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿನ ಹವಳ ಬಿಳುಚಿ ಅಪಾರವಾಗಿ ಸತ್ತಿತು. ಉಳಿದದ್ದನ್ನಾದರೂ ತುಳಿಯಬೇಡಿ. ದ್ವೀಪ ನಿಂತಿರುವುದೇ ಆ ಹವಳದ ಮೇಲೆ. ನಿಮ್ಮ ಕಾಲ್ಬೆರಳ ಸಂದಿಯ ಬಿಳಿ ಮರಳಿನ ಒಂದು ಪಾಲು ಗಿಳಿಮೀನು ಹವಳವನ್ನು ಕಡಿದು, ಅರೆದು, ಹೊರಹಾಕಿದ್ದು. ಇದನ್ನು ಮಧುಚಂದ್ರದ ಜೋಡಿಗೆ ಹೇಳಬೇಕೋ ಬೇಡವೋ ತಿಳಿಯದು.

ಈಜು ಬಾರದವರು ಲೈಫ್ ಜಾಕೆಟ್ ಇಲ್ಲದೆ ಇಳಿಯಕೂಡದು. ಈ ಸಮುದ್ರ ಮಲ್ಪೆಯ ಆಷಾಢದ ಕಡಲಿನಂತೆ ಗುಡುಗಿ ಎಚ್ಚರಿಸುವುದಿಲ್ಲ. ಸೊಂಟದಾಳ, ಸೊಂಟದಾಳ ಎಂದು ನಡೆಯುತ್ತಿದ್ದಂತೆ ದಂಡೆ ಮುಗಿದು ತಳವೇ ಕಾಣದಷ್ಟು ಆಳ ಬರುತ್ತದೆ. ನೀರಿನ ಬಣ್ಣ ತಿಳಿನೀಲಿಯಿಂದ ಕಡುನೀಲಿಗೆ ತಿರುಗುವ ಗೆರೆಯೇ ಆ ಅಂಚು. ಅಟಾಲಿನ ಕಾಲುವೆಗಳಲ್ಲಿ ಸೆಳೆತ ಬಲವಾಗಿರುತ್ತದೆ. ಯಾವ ಹೊತ್ತಿಗೆ, ಯಾವ ಕಡೆಯಿಂದ ಇಳಿಯಬೇಕೆಂದು ದಿನವೂ ಡೈವ್ ಸೆಂಟರ್‌ನಲ್ಲಿ ಕೇಳಿ. ಒಬ್ಬರೇ ಇಳಿಯಬೇಡಿ.

ಮಂಡಿಯುದ್ದದ ನೀರಿನಲ್ಲಿ ರೆಕ್ಕೆಯ ತುದಿ ಕಪ್ಪಗಿರುವ ಮರಿ ಶಾರ್ಕ್‌ಗಳು ಸುಳಿದರೆ ಕಿರುಚಬೇಡಿ. ಅವು ತಾವಾಗಿ ಮೈಮೇಲೆ ಬರುವುದಿಲ್ಲ, ದೇಶವಿಡೀ 2010ರಿಂದ ಅವಕ್ಕೆ ಬೇಟೆಯಿಂದ ರಕ್ಷಣೆಯಿದೆ. ಹೆದರಬೇಕಾದ್ದು ಬೇರೆ. ಟೈಟನ್ ಟ್ರಿಗರ್ ಎಂಬ ಮೊಳದುದ್ದದ ಮೀನು ಮರಳಲ್ಲಿ ಗೂಡು ಮಾಡಿ ಮೊಟ್ಟೆ ಕಾಯುವಾಗ ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ತನ್ನದೆಂದು ಅದು ಕಾಯುವ ಜಾಗ ಗೂಡಿನಿಂದ ಮೇಲಕ್ಕೆ ಅಗಲವಾಗುತ್ತಾ ಹೋಗುವುದರಿಂದ ಮೇಲಕ್ಕೇರಿದರೆ ಬಿಡದು. ಅಡ್ಡಡ್ಡ ಈಜಿ ದೂರ ಸರಿಯಿರಿ.

ಮೀನಿಗೆ ಬ್ರೆಡ್ಡು ಹಾಕಬೇಡಿ, ಆಮೆಯನ್ನು ಮುಟ್ಟಬೇಡಿ. ಮಾಂಟಾ ಎಂಬ ದೈತ್ಯ ತೊರಕೆ ಮೀನು ನೋಡುವ ಆಸೆಯಿದ್ದರೆ ಬಾ ಅಟಾಲಿನ ಹನಿಫಾರು ಕೊಲ್ಲಿಗೆ ಮೇಯಿಂದ ನವೆಂಬರ್ ನಡುವೆ ಹೋಗಿ. ಆಗ ಮಳೆಗಾಲ, ವಿಲ್ಲಾದ ದರವೂ ಇಳಿದಿರುತ್ತದೆ. ಅಲ್ಲಿ ಸ್ಕೂಬಾ ಕೂಡದು, ಸ್ನಾರ್ಕೆಲ್ ಮಾತ್ರ.

ಹೊರಡುವ ದಿನ

ಡೈವ್ ಮಾಡಿದವರು 24 ಗಂಟೆ ಕಳೆಯದೆ ವಿಮಾನ ಹತ್ತಕೂಡದು. ಸೀಪ್ಲೇನ್ ಕೂಡ ವಿಮಾನವೇ.

ಚಿಪ್ಪು, ಹವಳದ ತುಂಡು, ಬಾಟಲಿಯಲ್ಲಿ ಮರಳು ತುಂಬಿಕೊಳ್ಳಬೇಡಿ. ದಡದ ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆ, ನಿಲ್ದಾಣದ ಎಕ್ಸ್‌ರೇಗೆ ತಕರಾರು. ಅದರ ಬದಲು ನೀವು ಒಯ್ದ ಬ್ಯಾಟರಿ, ಪ್ಲಾಸ್ಟಿಕ್ ಕವರುಗಳನ್ನು ವಾಪಸ್ ತನ್ನಿ. ಮಾಲೆಯ ಪಕ್ಕ ತಿಲಾಫುಶಿ ಎಂಬ ಜಾಗಕ್ಕೆ 1990ರ ದಶಕದ ಮೊದಲಿಂದ ಕಸ ಸುರಿದು ಸುರಿದು ಒಂದು ದ್ವೀಪವನ್ನೇ ಬೆಳೆಸಿದ್ದಾರೆ.

ಸೀಪ್ಲೇನಿನ ವೇಳೆ ಹಿಂದಿನ ಸಂಜೆಯಷ್ಟೇ ಗೊತ್ತಾಗುತ್ತದೆ. ಗೊತ್ತಾದ ಕೂಡಲೇ ಬಿಲ್ ತರಿಸಿಕೊಂಡು ಸಾಲುಸಾಲಾಗಿ ಓದಿ. ತೆರೆಯದ ಮಿನಿಬಾರ್, ಹೋಗದ ಸೂರ್ಯಾಸ್ತದ ಬೋಟು ಸೇರಿದ್ದರೆ ಆ ರಾತ್ರಿಯೇ ತೆಗೆಸಿ. ಬೆಳಿಗ್ಗೆ ಜೆಟ್ಟಿಯಲ್ಲಿ ಎಂಜಿನ್ ಶುರುವಾದ ಮೇಲೆ ಅದಕ್ಕೆ ಹೊತ್ತಿರುವುದಿಲ್ಲ.