ಒಂಬತ್ತು ಕೀಲಿ, ಆರು ತಂತಿ

ವಿದ್ಯಾರ್ಥಿಗಳೇ, ಕಂಪ್ಯೂಟರಿನಲ್ಲಿ ಆಟವೆಂದರೆ ನಿಮಗೆ ಇಷ್ಟ, ತಂದೆತಾಯಿಗಳಿಗೆ ಕಷ್ಟ. ಆ ಆಟದಿಂದಲೇ ಒಂದು ಪಾಠ ಹುಟ್ಟಿದರೆ ಇಬ್ಬರಿಗೂ ಸಮಾಧಾನವಾದೀತು. ‘ಮ್ಯಾಕ್ರೋ ಪ್ಯಾಡ್’ ಅಂಥದೊಂದು ಪಾಠ. ಇದು ಅಂಗೈಯಗಲದ ಕೀಲಿಮಣೆ. ಹಲವು ಕೀಲಿಗಳನ್ನು ಕ್ರಮವಾಗಿ ಒತ್ತಿ ಮಾಡುವ ಕೆಲಸವನ್ನು ಇದರ ಒಂದೇ ಕೀಲಿ ಮಾಡುತ್ತದೆ. ಹೀಗೆ ಪೋಣಿಸಿಟ್ಟ ಆಜ್ಞೆಗಳ ಸರಕ್ಕೆ ‘ಮ್ಯಾಕ್ರೋ’ ಎಂದು ಹೆಸರು.

ಬೇಕಾದ ಸಾಮಗ್ರಿಗಳು

ಒಂಬತ್ತು ಮೆಕ್ಯಾನಿಕಲ್ ಸ್ವಿಚ್ಚುಗಳು, ಅವುಗಳ ಮುಚ್ಚಳಗಳು, ಒಂಬತ್ತು ‘1ಎನ್4148’ ಡಯೋಡುಗಳು, ‘ಪ್ರೊ ಮೈಕ್ರೊ’ ಎಂಬ ಸಣ್ಣ ಫಲಕ, ತೆಳುವಾದ ತಂತಿ, ಯುಎಸ್‌ಬಿ ಕೇಬಲ್ ಮತ್ತು ಬೆಸುಗೆಯ ಸಲಕರಣೆ. ಸ್ವಿಚ್ಚುಗಳನ್ನು ಕೂರಿಸಲು ತೆಳು ಹಲಗೆಯಲ್ಲಿ 14 ಮಿ.ಮೀ. ಚೌಕದ ರಂಧ್ರಗಳನ್ನು, ನಡುವಿನಿಂದ ನಡುವಿಗೆ ಸುಮಾರು 19 ಮಿ.ಮೀ. ಅಂತರವಿರುವಂತೆ ಕೊರೆಯಬೇಕು.

ಜೋಡಣೆ

ಒಂಬತ್ತು ಕೀಲಿಗಳಿಂದ ಫಲಕಕ್ಕೆ ಒಂಬತ್ತು ತಂತಿ ಬೇಡವೇ? ಬೇಡ. ತರಗತಿಯಲ್ಲಿ “ಎರಡನೆಯ ಸಾಲಿನ ಮೂರನೆಯವನು ಏಳು” ಎಂದರೆ ಒಬ್ಬನೇ ಏಳುತ್ತಾನಲ್ಲವೇ? ಹಾಗೆಯೇ ಇಲ್ಲಿ 3 ಅಡ್ಡಸಾಲು, 3 ಕಂಬಸಾಲು. ಒಟ್ಟು ಆರೇ ತಂತಿ. ಸ್ವಿಚ್ಚಿನ ಒಂದು ಕಾಲನ್ನು ಕಂಬಸಾಲಿಗೂ, ಇನ್ನೊಂದನ್ನು ಡಯೋಡಿನ ಮೂಲಕ ಅಡ್ಡಸಾಲಿಗೂ ಬೆಸೆಯಬೇಕು. ಡಯೋಡಿನ ಕಪ್ಪು ಪಟ್ಟಿ ಎಲ್ಲ ಕಡೆಯೂ ಅಡ್ಡಸಾಲಿನತ್ತ ಇರಲಿ.

ಡಯೋಡು ಏಕೆ? ಆಟದಲ್ಲಿ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತುತ್ತೇವೆ. ಕೀಲಿಗಳಿಗೆ ಸಾಲಾಗಿ 1ರಿಂದ 9ರವರೆಗೆ ಅಂಕೆ ಕೊಡಿ. ಡಯೋಡಿಲ್ಲದೆ 1, 2, 4ನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ತು ಸುತ್ತಿ ಬಂದು, ಒತ್ತದ 5 ಕೂಡ ಒತ್ತಿದಂತೆ ತೋರುತ್ತದೆ. ಡಯೋಡು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಈ ಸುಳ್ಳು ಸಾಕ್ಷಿ ತಪ್ಪುತ್ತದೆ.

ಆಜ್ಞೆ ಕಲಿಸುವುದು

‘ಕ್ಯೂಎಂಕೆ’ ಎಂಬ ಮುಕ್ತ ತಂತ್ರಾಂಶದಲ್ಲಿ ಪ್ರತಿ ಕೀಲಿಯ ಕೆಲಸವನ್ನು ಬರೆದು ಫಲಕಕ್ಕೆ ತುಂಬಬೇಕು. ಆಟಕ್ಕೆ ಮಾತ್ರವಲ್ಲ, ನಮ್ಮ ಭಾಷೆಗೂ ಇದು ಸಲ್ಲುತ್ತದೆ. ‘ಕ್ಷ’ ಒಂದೇ ಅಕ್ಷರದಂತೆ ಕಂಡರೂ ಯೂನಿಕೋಡಿನಲ್ಲಿ ಅದು ಕಕಾರ, ಹಲಂತದ ಚಿಹ್ನೆ, ಷಕಾರ ಎಂಬ ಮೂರು ಸಂಕೇತಗಳ ಸರ. ಕಂಪ್ಯೂಟರಿನಲ್ಲಿ ಕನ್ನಡ ವಿನ್ಯಾಸವನ್ನು ಆರಿಸಿಕೊಂಡು, ಅದಕ್ಕೆ ಬೇಕಾದ ಒತ್ತುಗಳನ್ನು ಒಂದು ಕೀಲಿಗೆ ಕಟ್ಟಿದರೆ ಒಂದೇ ಒತ್ತಿಗೆ ‘ಕ್ಷ’ ಮೂಡುತ್ತದೆ. ಒತ್ತಕ್ಷರದ ವ್ಯಾಕರಣ ತಿಳಿದವನಿಗೆ ಮ್ಯಾಕ್ರೋ ಹೊಸತಲ್ಲ!

ಎಚ್ಚರಿಕೆ

ಬೆಸುಗೆ ಕಡ್ಡಿಯ ತುದಿ 300 ಡಿಗ್ರಿ ಸೆಲ್ಸಿಯಸ್‌ಗಿಂತಲೂ ಹೆಚ್ಚು ಕಾಯುತ್ತದೆ. ಹಿರಿಯರ ಸಮ್ಮುಖದಲ್ಲಿ, ಗಾಳಿಯಾಡುವ ಕಡೆ ಕೆಲಸ ಮಾಡಿರಿ. ಇತರರೊಡನೆ ಸ್ಪರ್ಧಿಸುವ ಹಲವು ಆಟಗಳಲ್ಲಿ ಮ್ಯಾಕ್ರೋ ಬಳಸುವುದು ಮೋಸವೆನಿಸುತ್ತದೆ. ಮೊದಲು ನಿಯಮ ಓದಿರಿ. ಕೈಚಳಕದಿಂದ ಉಪಕರಣ ಕಟ್ಟಿದವನು ಮೋಸದಿಂದ ಗೆದ್ದರೆ ಆ ಕೈಚಳಕಕ್ಕೇ ಅವಮಾನ.

ಕೊಂಡ ಆಟಿಕೆ ಕೆಟ್ಟರೆ ಮೂಲೆ ಸೇರುತ್ತದೆ. ತಾನೇ ಕಟ್ಟಿದ್ದು ಕೆಟ್ಟರೆ, ಎಲ್ಲಿ ಕೆಟ್ಟಿತೆಂದು ಹುಡುಕುವ ಬುದ್ಧಿ ಬೆಳೆಯುತ್ತದೆ. ಪಾಲಕರು ಬೇಡವೆನ್ನುವ ಮೊದಲು ಇದನ್ನು ಯೋಚಿಸಲಿ.

ಅಭ್ಯಾಸ

1. 16 ಕೀಲಿಗಳ ಚೌಕಕ್ಕೆ ಎಷ್ಟು ತಂತಿ ಬೇಕು?
2. ಡಯೋಡಿಲ್ಲದೆ 5, 6, 8ನ್ನು ಒಟ್ಟಿಗೆ ಒತ್ತಿದರೆ ಯಾವ ಕೀಲಿ ಸುಳ್ಳಾಗಿ ಕಾಣಿಸುತ್ತದೆ?

ಉತ್ತರಗಳನ್ನು ಚಿತ್ರ ಬರೆದು ಮನೆಯವರಿಗೆ ವಿವರಿಸಿರಿ.