ಎಸ್ಸೆಸ್ಸೆಲ್ಸಿಯಲ್ಲಿ ಎಡವಿದವರಿಗೆ ಎಂಜಿನಿಯರಿಂಗ್: ಇಂಟರ್ನಲ್ಸ್ ಬಿಟ್ಟರೆ ಕೆಟ್ಟಿರಿ

ಎಸ್ಸೆಸ್ಸೆಲ್ಸಿಯಲ್ಲಿ ಜಸ್ಟ್ ಪಾಸ್, ಆಮೇಲೆ ಪಾಲಿಟೆಕ್ನಿಕ್, ಅಲ್ಲಿಂದ ಡಿಸಿಇಟಿ ಬರೆದು ನೇರ ಎಂಜಿನಿಯರಿಂಗ್ ಮೂರನೇ ಸೆಮಿಸ್ಟರ್. ಕರ್ನಾಟಕದ ಮಕ್ಕಳಿಗೆ ಇದು ಹೊಸ ದಾರಿಯೇನಲ್ಲ. ಹತ್ತನೇ ತರಗತಿಯಲ್ಲಿ ಶೇ 35 ಬಂದವರೂ ಡಿಪ್ಲೊಮಾಕ್ಕೆ ಅರ್ಜಿ ಹಾಕಬಹುದು. ಮೂರು ವರ್ಷ ಮುಗಿಸಿದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ನಡೆಸುತ್ತದೆ. ಸೀಟು ಸಿಕ್ಕ ದಿನ ಮನೆಯಲ್ಲಿ ಸಿಹಿ ಹಂಚುತ್ತಾರೆ. ಎಡವಟ್ಟಾಗುವುದು ಅದರ ನಂತರದ ಎರಡು ತಿಂಗಳಲ್ಲಿ.

ಪಿಯುಸಿ ಹೇಗೋ ದಾಟಿ ಮೊದಲ ಸೆಮಿಸ್ಟರಿಗೆ ಬಂದವರ ಪಾಡೂ ಬೇರೆಯಲ್ಲ. ವರ್ಷವಿಡೀ ಓಡಾಡಿಕೊಂಡಿದ್ದು, ಪರೀಕ್ಷೆ ಹತ್ತಿರ ಬಂದಾಗ ಗೈಡು ಹಿಡಿದು ಪಾಸಾಗುವ ಹೈಸ್ಕೂಲಿನ ಚಾಳಿ ಕಾಲೇಜಿಗೂ ಹಿಂಬಾಲಿಸಿ ಬಂದಿರುತ್ತದೆ.

1. ಹಳೆಯ ತೂತು ಮುಚ್ಚಿ

ಇಂಗ್ಲೆಂಡಿನ ಜಾನ್ ಗರ್ಡನ್ ಈಟನ್ ಶಾಲೆಯಲ್ಲಿ ಜೀವಶಾಸ್ತ್ರದಲ್ಲಿ 250 ಹುಡುಗರಲ್ಲಿ ಕಟ್ಟಕಡೆಯವರಾಗಿದ್ದರು. ವಿಜ್ಞಾನಿಯಾಗುವ ಯೋಚನೆಯೇ ಹಾಸ್ಯಾಸ್ಪದ ಎಂದು 1949ರಲ್ಲಿ ಮೇಷ್ಟ್ರು ವರದಿ ಬರೆದರು. 2012ರಲ್ಲಿ ಗರ್ಡನ್‌ ಅವರಿಗೆ ವೈದ್ಯಕೀಯ ನೊಬೆಲ್ ಬಂತು. ಈ ಕತೆಯಲ್ಲಿ ಎಲ್ಲರೂ ಬಿಟ್ಟುಬಿಡುವ ಭಾಗವೊಂದಿದೆ: ಆಕ್ಸ್‌ಫರ್ಡಿನಲ್ಲಿ ಪ್ರಾಣಿಶಾಸ್ತ್ರ ಓದುವ ಮುನ್ನ ಅವರು ಮನೆಪಾಠ ಹೇಳಿಸಿಕೊಂಡು ವಿಷಯದ ಬುನಾದಿ ಹಾಕಿಕೊಂಡಿದ್ದರು.

ಡಿಪ್ಲೊಮಾದಿಂದ ಬಂದವರಿಗೆ ಆ ತೂತು ಹೆಚ್ಚಾಗಿ ಗಣಿತದಲ್ಲಿರುತ್ತದೆ. ಎನ್‌ಸಿಇಆರ್‌ಟಿಯ ಪಿಯುಸಿ ಹಂತದ ಗಣಿತ ಪುಸ್ತಕಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಡಿಫರೆನ್ಸಿಯೇಷನ್, ಇಂಟಿಗ್ರೇಷನ್, ಮ್ಯಾಟ್ರಿಕ್ಸ್ ಅಧ್ಯಾಯಗಳ ಲೆಕ್ಕಗಳನ್ನು ದಿನಕ್ಕೊಂದು ಗಂಟೆ ಕೈಯಾರೆ ಬಿಡಿಸಬೇಕು. ವಿಡಿಯೊ ನೋಡಿದ್ದು ಬಿಡಿಸಿದ್ದಾಗುವುದಿಲ್ಲ.

2. ಇಂಗ್ಲಿಷಿಗೆ ಹೆದರಿ ಹಿಂದಿನ ಬೆಂಚು ಸೇರಬೇಡಿ

ಕನ್ನಡ ಮಾಧ್ಯಮದಿಂದ ಬಂದವರು ಪಾಠವನ್ನು ಕನ್ನಡದಲ್ಲೇ ಅರ್ಥಮಾಡಿಕೊಳ್ಳಲಿ, ತಪ್ಪೇನಿಲ್ಲ. ವ್ಯಾಖ್ಯೆಗಳನ್ನು ಮಾತ್ರ ಇಂಗ್ಲಿಷಿನಲ್ಲೇ ಬರೆದು ರೂಢಿ ಮಾಡಿಕೊಳ್ಳಬೇಕು. ಐಐಟಿ ಪ್ರಾಧ್ಯಾಪಕರ ಎನ್‌ಪಿಟಿಇಎಲ್ ಪಾಠಗಳು ಯೂಟ್ಯೂಬಿನಲ್ಲಿವೆ. ವೇಗ ತಗ್ಗಿಸಿ ಎರಡು ಸಲ ಕೇಳಿದರೆ ಕಿವಿ ಪಳಗುತ್ತದೆ.

3. ಇಂಟರ್ನಲ್ಸ್ ಲೆಕ್ಕ ಮೊದಲ ವಾರವೇ ಹಾಕಿ

'ಇಂಟರ್ನಲ್ಸ್ ತಾನೇ ಸರ್, ಫೈನಲ್‌ನಲ್ಲಿ ನೋಡ್ಕೊತೀನಿ.' ಸ್ಟಾಫ್‌ರೂಮಿನ ಬಾಗಿಲಲ್ಲಿ ವರ್ಷವರ್ಷವೂ ಕೇಳಿಬರುವ ಈ ಒಂದು ಮಾತು ಹಾಳು ಮಾಡಿದಷ್ಟು ಅಂಕಪಟ್ಟಿಗಳನ್ನು ಕಠಿಣ ಪ್ರಶ್ನೆಪತ್ರಿಕೆಗಳೂ ಹಾಳು ಮಾಡಿಲ್ಲ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಸ್ಕೀಮನ್ನೇ ನೋಡಿ. ಥಿಯರಿ ವಿಷಯದ 100 ಅಂಕದಲ್ಲಿ 50 ಕಾಲೇಜಿನ ಇಂಟರ್ನಲ್ಸ್, 50 ಸೆಮಿಸ್ಟರ್ ಪರೀಕ್ಷೆ. ಇಂಟರ್ನಲ್ಸ್‌ನಲ್ಲಿ ಕನಿಷ್ಠ 20 ಇಲ್ಲದವರು ಆ ಪರೀಕ್ಷೆಗೆ ಕೂರುವಂತೆಯೇ ಇಲ್ಲ. ಪರೀಕ್ಷೆಯನ್ನು 100ಕ್ಕೆ ಬರೆಸಿ 50ಕ್ಕೆ ಇಳಿಸುತ್ತಾರೆ. ಅದರಲ್ಲಿ ಕನಿಷ್ಠ ಶೇ 35, ಎರಡೂ ಸೇರಿ 40 ಬೇಕು.

ಇಬ್ಬರು ವಿದ್ಯಾರ್ಥಿಗಳನ್ನು ಕಲ್ಪಿಸಿಕೊಳ್ಳಿ. ಒಬ್ಬಳಿಗೆ ಇಂಟರ್ನಲ್ಸ್‌ನಲ್ಲಿ 45. ಪರೀಕ್ಷೆಯಲ್ಲಿ ಅವಳು 36 ತೆಗೆದರೂ ಅದು 18 ಆಗಿ, ಒಟ್ಟು 63. ಇನ್ನೊಬ್ಬನಿಗೆ 22. ಒಟ್ಟು 60 ಮುಟ್ಟಬೇಕೆಂದರೆ ಅವನು ಪರೀಕ್ಷೆಯಲ್ಲಿ 76 ತೆಗೆಯಬೇಕು. ಹೈಸ್ಕೂಲಿನಲ್ಲೇ ಪರೀಕ್ಷೆಗೆ ಬೆವರುತ್ತಿದ್ದವನಿಗೆ ಯಾವುದು ಸುಲಭ? ತಿಂಗಳಿಗೊಂದು ಟೆಸ್ಟ್, ಹೊತ್ತಿಗೆ ಸರಿಯಾಗಿ ಒಪ್ಪಿಸಿದ ಅಸೈನ್‌ಮೆಂಟ್! ಪರೀಕ್ಷಾ ಕೊಠಡಿಯಲ್ಲಿ ಕೈಕಾಲು ಆಡದವರಿಗೆ ಇಂಥ ಏರ್ಪಾಡು ವರವೇ ಸರಿ. ಹೆಚ್ಚಿನವರು ಅದನ್ನೇ ಒದ್ದು ಹೋಗುತ್ತಾರೆ.

ಇನ್ನೊಂದು ಎಚ್ಚರ. ಇಂಟರ್ನಲ್ಸ್ ಪಟ್ಟಿಗೆ ವಿದ್ಯಾರ್ಥಿಗಳ ಸಹಿ ಪಡೆಯುವ ಕಾಲೇಜುಗಳಿವೆ. ಅಂಕ ನೋಡದೆ ಸಹಿ ಗೀಚಿ ಕ್ಯಾಂಟೀನಿಗೆ ಓಡುವವರೇ ಬಹಳ. ಟೆಸ್ಟ್ ಪುಸ್ತಿಕೆಯ ಅಂಕಕ್ಕೂ ಪಟ್ಟಿಯ ಅಂಕಕ್ಕೂ ತಾಳೆ ಹಾಕಿಯೇ ಸಹಿ ಮಾಡಬೇಕು. ಪಟ್ಟಿ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಗೋಗರೆದು ಫಲವಿಲ್ಲ. ವಿಟಿಯುವಿನಲ್ಲಿ ಶೇ 85 ಹಾಜರಿಯೂ ಬೇಕು. ಬಿಎ, ಬಿಎಸ್ಸಿ, ಬಿಕಾಂನವರು ತಮ್ಮ ವಿಶ್ವವಿದ್ಯಾಲಯದ ಅನುಪಾತವನ್ನು ವಿಭಾಗದಲ್ಲಿ ಕೇಳಿ ತಿಳಿಯಲಿ.

4. ಬ್ಯಾಕ್‌ಲಾಗ್ ಬಿದ್ದರೆ

ಸಿಟ್ಟಿನಲ್ಲಿ ಮರುಮೌಲ್ಯಮಾಪನಕ್ಕೆ ದುಡ್ಡು ಕಟ್ಟುವ ಮುನ್ನ ಉತ್ತರಪತ್ರಿಕೆಯ ಫೋಟೊಕಾಪಿ ತರಿಸಿ, ಪಾಠ ಮಾಡಿದ ಉಪನ್ಯಾಸಕರ ಮುಂದಿಡಿ. ತಪ್ಪು ಬರೆದದ್ದೋ, ಬರೆಯದೇ ಬಿಟ್ಟದ್ದೋ ಅಲ್ಲೇ ಗೊತ್ತಾಗುತ್ತದೆ. ಬಾಕಿ ವಿಷಯವನ್ನು ಮುಂದಿನ ಪರೀಕ್ಷೆಯಲ್ಲೇ ಮುಗಿಸಿ. ಕೊನೆಯ ವರ್ಷಕ್ಕೆ ಗುಡ್ಡೆ ಹಾಕಿಕೊಂಡವರಿಗೆ ಕ್ಯಾಂಪಸ್ ಸಂದರ್ಶನದ ಬಾಗಿಲು ತೆರೆಯುವುದು ಕಷ್ಟ.

5. ಮುಂದಿನ ದಾರಿ

ಹತ್ತನೇ ತರಗತಿಯಿಂದಲೂ ಶೇ 60 ಕೇಳುವ ಕಂಪನಿಗಳಿವೆ. ಅದಕ್ಕೆ ಕೊರಗಿ ಫಲವಿಲ್ಲ. ಯುಪಿಎಸ್‌ಸಿ ನಾಗರಿಕ ಸೇವಾ ಪರೀಕ್ಷೆಗೆ ಪದವಿ ಇದ್ದರಾಯಿತು, ಶೇಕಡಾವಾರು ಕೇಳುವುದಿಲ್ಲ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ಗಡುವಿನೊಳಗೆ ಅರ್ಜಿ ಹಾಕಿ. ಮೊದಲ ಇಂಟರ್ನಲ್ಸ್ ದಿನಾಂಕ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿರುತ್ತದೆ. ನಾಳೆ ತರಗತಿಗೆ ಹೋಗುವಾಗ ಒಮ್ಮೆ ನೋಡಿಕೊಂಡು ಹೋಗಿ.